ಅಪ್ಪಟ ಬೆಳ್ಳಿ ನಾಣ್ಯ ಕೂಡಿಡುವುದು ಹೇಗೆ: ಕೋಲಾರದ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕೋಲಾರ ಜಿಲ್ಲೆಯಲ್ಲಿ ಬೆಳ್ಳಿ ನಾಣ್ಯ ಇಲ್ಲದ ಮನೆ ಕಡಿಮೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಂಡಿದ್ದು, ಮದುವೆಯಲ್ಲಿ ಉಡುಗೊರೆ ಬಂದಿದ್ದು, ಮಗುವಿನ ನಾಮಕರಣಕ್ಕೆ ಸೋದರಮಾವ ಕೊಟ್ಟಿದ್ದು, ಹೀಗೆ ನಾಲ್ಕಾರು ಬೀರುವಿನಲ್ಲಿ ಇದ್ದೇ ಇರುತ್ತವೆ. ಟೊಮ್ಯಾಟೊಗೆ ಒಳ್ಳೆ ರೇಟು ಬಂದ ವರ್ಷ ಇನ್ನೆರಡು ಸೇರುತ್ತವೆ. ಆದರೆ ಅವುಗಳ ಶುದ್ಧತೆ ಎಷ್ಟು, ಅಚ್ಚು ಹಾಕಿದ್ದು ಯಾರು, ಕೊಂಡಾಗ ಲೋಹಕ್ಕೆ ಎಷ್ಟು ಕೊಟ್ಟಿರಿ, ಕೂಲಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಈ ಬರಹ ಆ ಉತ್ತರಗಳನ್ನು ತಿಳಿದುಕೊಂಡು ಕೊಳ್ಳಬೇಕು ಅನ್ನುವವರಿಗೆ. ಕೋಲಾರ, ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು, ಮಾಲೂರು ಎಲ್ಲೇ ಇದ್ದರೂ ಒಳ್ಳೆ ದರ್ಜೆಯ ಸಂಗ್ರಹ ಕಟ್ಟಬಹುದು. ದುಡ್ಡಿಗಿಂತ ಇಲ್ಲಿ ಬೇಕಾಗುವುದು ಕಣ್ಣು ಮತ್ತು ತಾಳ್ಮೆ.

ಹೆಜ್ಜೆ 1: ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂದು ತಿಳಿಯಿರಿ

ಪ್ರತಿ ಬೆಳ್ಳಿ ನಾಣ್ಯಕ್ಕೂ ಎರಡು ಬೆಲೆ ಇರುತ್ತದೆ. ಒಂದು ಒಳಗಿರುವ ಲೋಹದ ಬೆಲೆ. ಇನ್ನೊಂದು ಅದರ ಅಚ್ಚು, ವರ್ಷ, ಗೀರಿಲ್ಲದ ಮೈ, ಅಚ್ಚು ಹಾಕಿದವರ ಹೆಸರು ಇವುಗಳ ಬೆಲೆ. ಕೊಳ್ಳುವಾಗ ಎರಡನ್ನೂ ಕೊಡುತ್ತೀರಿ. ಮಾರುವಾಗ ಮೊದಲನೆಯದು ಹೆಚ್ಚುಕಮ್ಮಿ ಎಲ್ಲಾ ಬೆಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಎರಡನೆಯದು ನಾಣ್ಯ ಬಲ್ಲವರ ಹತ್ತಿರ ಮಾತ್ರ ಸಿಗುತ್ತದೆ, ಅದೂ ನಾಣ್ಯ ಕೆಡದೆ ಇದ್ದರೆ. ಪ್ರತಿ ಸಲ ಕೈ ಜೇಬಿಗೆ ಹೋಗುವ ಮೊದಲು ಈ ನಾಣ್ಯವನ್ನು ಲೋಹಕ್ಕಾಗಿ ಕೊಳ್ಳುತ್ತಿದ್ದೇನಾ, ಅಂದಕ್ಕಾಗಿ ಕೊಳ್ಳುತ್ತಿದ್ದೇನಾ ಎಂದು ಕೇಳಿಕೊಳ್ಳಿ. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ.

ಅಂಗಡಿಯಲ್ಲಿ ಬೆಳ್ಳಿ ನಾಣ್ಯ ಎಂದು ಮಾರುವ ವಸ್ತುಗಳಲ್ಲಿ ನಾಲ್ಕು ಬಗೆ ಇವೆ. ಇವನ್ನು ಬೇರೆ ಮಾಡಿ ನೋಡುವುದನ್ನು ಮೊದಲು ಕಲಿಯಬೇಕು.

ವಿದೇಶಿ ಸರ್ಕಾರಿ ಟಂಕಸಾಲೆಗಳ ಬುಲಿಯನ್ ನಾಣ್ಯಗಳು, ಅಂದರೆ ಲೋಹದ ಬೆಲೆಗಾಗಿಯೇ ಕೊಳ್ಳುವ ನಾಣ್ಯಗಳು, ಮೊದಲನೆಯ ಬಗೆ. ಅಮೆರಿಕದ ಸಿಲ್ವರ್ ಈಗಲ್, ಕೆನಡಾದ ಮೇಪಲ್ ಲೀಫ್, ಬ್ರಿಟನ್ನಿನ ಬ್ರಿಟಾನಿಯಾ, ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್, ಆಸ್ಟ್ರೇಲಿಯಾದ ಕೂಕಬರ‍್ರಾ ಮತ್ತು ಕಾಂಗರೂ ಇಂಥವು. ಇವುಗಳಿಗೆ ಆಯಾ ದೇಶದಲ್ಲಿ ಮುಖಬೆಲೆ ಇದೆ. ಈಗಲ್ ಮೇಲೆ 1 ಡಾಲರ್, ಮೇಪಲ್ ಲೀಫ್ ಮೇಲೆ 5 ಕೆನಡಾ ಡಾಲರ್, ಬ್ರಿಟಾನಿಯಾ ಮೇಲೆ 2 ಪೌಂಡ್ ಎಂದು ಬರೆದಿರುತ್ತದೆ. ಒಳಗಿನ ಬೆಳ್ಳಿಯ ಬೆಲೆ ಮುಖಬೆಲೆಗಿಂತ ಎಷ್ಟೋ ಜಾಸ್ತಿ, ಹಾಗಾಗಿ ಯಾರೂ ಇವನ್ನು ಖರ್ಚಿಗೆ ಬಳಸುವುದಿಲ್ಲ.

ಎರಡನೆಯದು ನಮ್ಮ ದೇಶದ ರಿಫೈನರಿಗಳ, ಅಂದರೆ ಲೋಹ ಶುದ್ಧ ಮಾಡುವ ಕಾರ್ಖಾನೆಗಳ ನಾಣ್ಯ. ಹರಿಯಾಣದಲ್ಲಿರುವ ಎಂಎಂಟಿಸಿ-ಪ್ಯಾಂಪ್‌ನದು ಎಲ್ಲರಿಗೂ ಗೊತ್ತಿರುವ ಹೆಸರು. ಇವಕ್ಕೆ ಮುಖಬೆಲೆ ಇಲ್ಲ. ಲೋಹದ ಮಟ್ಟಿಗೆ ಇವು ಯಾವ ವಿದೇಶಿ ನಾಣ್ಯಕ್ಕೂ ಕಮ್ಮಿ ಇಲ್ಲ.

ಮೂರನೆಯದು ಭಾರತ ಸರ್ಕಾರದ ಸ್ಮರಣಾರ್ಥ ನಾಣ್ಯಗಳು. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಸರ್ಕಾರದ್ದು ಅಂದರೆ ಶುದ್ಧ ಬೆಳ್ಳಿಯೇ ಇರಬೇಕು ಅಂದುಕೊಳ್ಳುತ್ತಾರೆ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯ 35 ಗ್ರಾಂ ತೂಗುತ್ತದೆ. ಅದರಲ್ಲಿ ಬೆಳ್ಳಿ 50%, ತಾಮ್ರ 40%, ನಿಕಲ್ 5%, ಸತು 5%. ಅಂದರೆ ಬೆಳ್ಳಿ ಇರುವುದು 17.5 ಗ್ರಾಂ ಮಾತ್ರ. ಸಂಗ್ರಹಕ್ಕೆ ಅದು ಬಹಳ ಚೆನ್ನಾದ ನಾಣ್ಯ. ಬೆಳ್ಳಿ ಕೂಡಿಡುವುದೇ ಉದ್ದೇಶವಾದರೆ ಅದು ದಾರಿಯಲ್ಲ. ಯಾವ ಸ್ಮರಣಾರ್ಥ ನಾಣ್ಯ ಕೊಂಡರೂ ಅದರ ಮಿಶ್ರಲೋಹದ ವಿವರ ಓದಿಯೇ ಕೊಳ್ಳಿ.

ನಾಲ್ಕನೆಯದು ಸ್ಥಳೀಯ ಅಂಗಡಿಗಳು ಮಾಡಿಸುವ ಲಕ್ಷ್ಮಿ, ಗಣೇಶ, ವೆಂಕಟೇಶ್ವರನ ನಾಣ್ಯ. ಒಳ್ಳೆಯವೂ ಇವೆ, ಏನೂ ಗುರುತಿಲ್ಲದವೂ ಇವೆ. ಕೊಟ್ಟ ಅಂಗಡಿಯಲ್ಲಿ ಬೆಲೆ ಸಿಗುತ್ತದೆ, ಬೇರೆ ಕಡೆ ಕರಗಿಸಿ ನೋಡಬೇಕು ಅನ್ನುತ್ತಾರೆ. ಪೂಜೆಗೆ ಇವು ಸರಿ. ಸಂಗ್ರಹದ ಲೆಕ್ಕಕ್ಕೆ ಇವನ್ನು ತರಬೇಡಿ.

ಹೆಜ್ಜೆ 2: ಶುದ್ಧತೆಯ ಅಂಕಿ ಓದುವುದು

ನಾಣ್ಯದ ಮೇಲೆ 999 ಎಂದಿದ್ದರೆ ಸಾವಿರ ಪಾಲಿನಲ್ಲಿ 999 ಪಾಲು ಬೆಳ್ಳಿ. 999.9 ಅಥವಾ 9999 ಎಂದಿದ್ದರೆ ಹತ್ತು ಸಾವಿರದಲ್ಲಿ 9999 ಪಾಲು. ಈಗಲ್ 999, ಮೇಪಲ್ ಲೀಫ್ 9999. ಬ್ರಿಟಾನಿಯಾ ವಿಷಯದಲ್ಲಿ ವರ್ಷ ನೋಡಿ: 1997ರಿಂದ 2012ರವರೆಗಿನವು 958, 2013ರಿಂದ 999. ಹಳೆಯದೊಂದು ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಪಡುವ ಮೊದಲು ಇದು ನೆನಪಿರಲಿ.

ಮಾರುವ ಹೊತ್ತಿಗೆ 999ಕ್ಕೂ 9999ಕ್ಕೂ ಲೋಹದ ಬೆಲೆಯಲ್ಲಿ ಸಾವಿರಕ್ಕೆ ಒಂದು ರೂಪಾಯಿಯಷ್ಟೂ ವ್ಯತ್ಯಾಸವಿಲ್ಲ. ಅದಕ್ಕೆಂದು ಜಾಸ್ತಿ ಕೊಡಬೇಕಾಗಿಲ್ಲ. ಆದರೆ 999ಕ್ಕೂ 925ಕ್ಕೂ ಇರುವ ವ್ಯತ್ಯಾಸ ದೊಡ್ಡದು. 100 ಗ್ರಾಂನಲ್ಲಿ 7 ಗ್ರಾಂಗಿಂತ ಜಾಸ್ತಿ ಬೆಳ್ಳಿ ಕಮ್ಮಿಯಾಗುತ್ತದೆ. ಇನ್ನು ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕಲ್, ಸತು ಸೇರಿದ ಲೋಹ. ಅದರಲ್ಲೂ ನಾಣ್ಯ ಮಾಡಿ ಮಾರುತ್ತಾರೆ.

ತೂಕದಲ್ಲೂ ಒಂದು ಮಾತು. ವಿದೇಶಿ ನಾಣ್ಯಗಳ ಔನ್ಸ್ ಅಂದರೆ ಟ್ರಾಯ್ ಔನ್ಸ್, 31.1035 ಗ್ರಾಂ. ಅಡುಗೆ ಅಳತೆಯ 28.35 ಗ್ರಾಂ ಔನ್ಸ್ ಬೇರೆ. ಚೀನಾದ ಪಾಂಡಾ ನಾಣ್ಯ 2016ರಿಂದ ಔನ್ಸ್ ಬಿಟ್ಟು 30 ಗ್ರಾಂಗೆ ಬಂದಿದೆ. ಒಂದು ಗ್ರಾಂ ಕಮ್ಮಿ ಬಂತೆಂದು ನಕಲಿ ಅನ್ನಬೇಡಿ.

ಬೆಳ್ಳಿ ಸಾಮಾನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್ ಇದೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಸಂಖ್ಯೆ, ಅಂದರೆ ಒಂದೊಂದು ಸಾಮಾನಿಗೂ ಬೇರೆ ಗುರುತಿನ ಸಂಖ್ಯೆ, ಬಂದಿದೆ. ಚಿನ್ನದ ಹಾಗೆ ಕಡ್ಡಾಯ ಮಾಡದೆ, ಅಂಗಡಿಯವರ ಇಚ್ಛೆಗೆ ಬಿಟ್ಟು ಶುರು ಮಾಡಿದರು. ಆ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಲ್ಲೇ ನೋಡಬಹುದು. ಬುಲಿಯನ್ ನಾಣ್ಯದಲ್ಲಿ ಮಾತ್ರ ನಿಮಗೆ ಮುಖ್ಯ ಆಧಾರ ಅಚ್ಚು ಹಾಕಿದ ಟಂಕಸಾಲೆಯ ಹೆಸರೇ.

ಹೆಜ್ಜೆ 3: ನಾಣ್ಯದ ಸ್ಥಿತಿ ನೋಡಲು ಕಲಿಯುವುದು

ಇಲ್ಲಿಂದ ಸಂಗ್ರಹದ ರುಚಿ ಶುರು. ಲೋಹ ಎಲ್ಲದರಲ್ಲೂ ಒಂದೇ. ಸ್ಥಿತಿ ಮಾತ್ರ ನಾಣ್ಯದಿಂದ ನಾಣ್ಯಕ್ಕೆ ಬೇರೆ.

ಸಾಮಾನ್ಯ ಬುಲಿಯನ್ ನಾಣ್ಯವನ್ನು ಯಂತ್ರದಿಂದ ಒಂದರ ಹಿಂದೆ ಒಂದು ಅಚ್ಚು ಹಾಕಿ ಟ್ಯೂಬಿನಲ್ಲಿ ತುಂಬುತ್ತಾರೆ. ಪರಸ್ಪರ ತಾಗಿ ಸಣ್ಣ ಗೀರು ಬೀಳುವುದು ಸಹಜ. ಪ್ರೂಫ್ ನಾಣ್ಯವನ್ನು ಹೊಳಪು ಕೊಟ್ಟ ಬಿಲ್ಲೆಯ (ಅಚ್ಚು ಬೀಳುವ ಮೊದಲಿನ ಖಾಲಿ ತುಂಡಿನ) ಮೇಲೆ ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಬಯಲು, ಅಂದರೆ ಚಿತ್ರವಿಲ್ಲದ ಸಮತಟ್ಟು ಜಾಗ, ಕನ್ನಡಿಯ ಹಾಗೆ, ಚಿತ್ರ ಮಂಜು ಕವಿದ ಹಾಗೆ ಕಾಣುತ್ತದೆ. ನೋಡಲು ಬಹಳ ಚಂದ, ಬೆಲೆಯೂ ಬಹಳ ಜಾಸ್ತಿ. ಬೆರಳು ತಾಗಿದರೂ ಕಲೆ ಉಳಿಯುತ್ತದೆ. ಹೊಸಬರು ಪ್ರೂಫ್‌ನಿಂದ ಶುರು ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಕ್ರಮವಿದೆ. ಶೆಲ್ಡನ್ ಅಳತೆ ಅನ್ನುತ್ತಾರೆ. 60ರಿಂದ ಮೇಲೆ ಇರುವುದು ಚಲಾವಣೆಗೆ ಬಾರದ ನಾಣ್ಯ. 70 ಅಂದರೆ 5 ಪಟ್ಟು ದೊಡ್ಡದು ಮಾಡಿ ನೋಡಿದರೂ ಕೊರತೆ ಕಾಣದ್ದು. ಅಮೆರಿಕದ ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ, ಅಂಕ ಬರೆದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಇತ್ತೀಚಿನ ವರ್ಷಗಳ ಈಗಲ್, ಮೇಪಲ್ ಲೀಫ್‌ಗಳಲ್ಲಿ 69 ಅಂಕದವು ರಾಶಿ ಇವೆ. 69ಕ್ಕೂ 70ಕ್ಕೂ ಬೆಲೆಯಲ್ಲಿ ದೊಡ್ಡ ಅಂತರ, ಬರಿಗಣ್ಣಿಗೆ ಏನೂ ಅಂತರವಿಲ್ಲ. ಆ ಒಂದು ಅಂಕಕ್ಕೆ ದುಡ್ಡು ಸುರಿಯುವ ಬದಲು ಅದೇ ದುಡ್ಡಿಗೆ ಇನ್ನೊಂದು ನಾಣ್ಯ ತನ್ನಿ.

ಕೊಳ್ಳುವ ಮೊದಲು ಕಣ್ಣಲ್ಲಿ ಏನು ಹುಡುಕಬೇಕು? 10 ಪಟ್ಟು ತೋರಿಸುವ ಒಂದು ಭೂತಗನ್ನಡಿ ಇಟ್ಟುಕೊಳ್ಳಿ, ಅಕ್ಕಸಾಲಿಗರು ಬಳಸುವಂಥದ್ದೇ. ಮೇಲಿನ ಒಂದು ಕಡೆಯಿಂದ ಬೆಳಕು ಬೀಳುವಂತೆ ನಾಣ್ಯವನ್ನು ನಿಧಾನಕ್ಕೆ ಓಲಿಸಿ. ಉಬ್ಬಿದ ಜಾಗಗಳಲ್ಲಿ, ಅಂದರೆ ಕೆನ್ನೆ, ಮೂಗು, ಹಕ್ಕಿಯ ಎದೆಯಲ್ಲಿ ಹೊಡೆತ ಇದೆಯಾ ನೋಡಿ. ಬಯಲಲ್ಲಿ ಒಂದೇ ದಿಕ್ಕಿಗೆ ಕೂದಲಿನಂಥ ಗೀರುಗಳು ಸಾಲಾಗಿದ್ದರೆ ಯಾರೋ ಬಟ್ಟೆಯಿಂದ ಉಜ್ಜಿದ್ದಾರೆ ಎಂದರ್ಥ. ಅಂಥದ್ದು ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬಿಡಿ. ಅಂಚಿನಲ್ಲಿ ಕಚ್ಚು ಬಿದ್ದಿದೆಯಾ, ಅದನ್ನೂ ನೋಡಿ.

ಹಾಲಿನ ಹನಿ ಒಣಗಿದಂತೆ ಕಾಣುವ ಬಿಳಿ ಚುಕ್ಕೆಗಳೂ ಇರುತ್ತವೆ. ಟಂಕಸಾಲೆಯಲ್ಲಿ ಬಿಲ್ಲೆ ತೊಳೆದು ಕಾಯಿಸುವಾಗ ಉಳಿದ ರಾಸಾಯನಿಕದಿಂದ ಇವು ಬರುತ್ತವೆ ಎನ್ನುತ್ತಾರೆ, ತಿಂಗಳುಗಳಾದ ಮೇಲೆ ಕಾಣಿಸಿಕೊಳ್ಳುತ್ತವೆ. ಹಳೆಯ ಮೇಪಲ್ ಲೀಫ್‌ಗಳಲ್ಲಿ ಈ ತೊಂದರೆ ಜಾಸ್ತಿ ಇತ್ತು. ಕೆನಡಾದ ಟಂಕಸಾಲೆ 2018ರಿಂದ ಮಿಂಟ್‌ಶೀಲ್ಡ್ ಎಂಬ ಮೈ ಕಾಪಾಡುವ ಕ್ರಮ ತಂದ ಮೇಲೆ ಕಮ್ಮಿಯಾಯಿತು. ಚುಕ್ಕೆ ತೆಗೆಯಲು ಹೋದರೆ ಮೈ ಕೆಡುತ್ತದೆ. ಲೋಹಕ್ಕಾಗಿ ಕೊಳ್ಳುವವರಿಗೆ ಚುಕ್ಕೆಯ ನಾಣ್ಯ ಲಾಭವೇ, ಚೌಕಾಸಿ ಮಾಡಿ ಕಮ್ಮಿಗೆ ತನ್ನಿ.

ಹೆಜ್ಜೆ 4: ಯಾವ ನಾಣ್ಯದಿಂದ ಶುರು

ನನ್ನನ್ನು ಕೇಳಿದರೆ, ಮೊದಲ ವರ್ಷ ನಮ್ಮ ದೇಶದ ರಿಫೈನರಿಯ 999 ಅಥವಾ 999.9 ನಾಣ್ಯ ಸಾಕು, 20 ಗ್ರಾಂ, 50 ಗ್ರಾಂ, 100 ಗ್ರಾಂನವು. ಸೀಲ್ ಮಾಡಿದ ಕಾರ್ಡಿನಲ್ಲಿ ಬರುತ್ತವೆ. ಕಾರ್ಡಿನ ಮೇಲೆ ತೂಕ, ಶುದ್ಧತೆ ಬರೆದಿರುತ್ತದೆ. ಕಾರ್ಡು ಹರಿಯಬೇಡಿ, ಹರಿದರೆ ನಾಳೆ ಕೊಳ್ಳುವವರಿಗೆ ಅನುಮಾನ.

ಆಮೇಲೆ ವಿದೇಶಿ ನಾಣ್ಯಕ್ಕೆ ಬನ್ನಿ. ಒಂದೇ ನಾಣ್ಯದ ವರ್ಷವಾರು ಸಾಲು ಕೂಡಿಸುವುದು ಒಂದು ದಾರಿ. ಕೂಕಬರ‍್ರಾದ ಚಿತ್ರ ವರ್ಷ ವರ್ಷ ಬದಲಾಗುತ್ತದೆ, 1990ರಿಂದ ಬರುತ್ತಿದೆ. ಪಾಂಡಾದ್ದೂ ಬಹುತೇಕ ಪ್ರತಿ ವರ್ಷ ಹೊಸ ಚಿತ್ರ. ಫಿಲ್‌ಹಾರ್ಮೋನಿಕ್‌ನ ಚಿತ್ರ 2008ರಿಂದ ಅದೇ. ಬದಲಾಗುವ ಚಿತ್ರದ ನಾಣ್ಯಕ್ಕೆ ಸಂಗ್ರಾಹಕರ ಬೇಡಿಕೆ ಇರುತ್ತದೆ, ಬದಲಾಗದ್ದಕ್ಕೆ ಪ್ರೀಮಿಯಂ (ಲೋಹದ ಬೆಲೆಯ ಮೇಲೆ ಕೊಡುವ ಹೆಚ್ಚಿನ ದುಡ್ಡು) ಕಮ್ಮಿ ಇರುತ್ತದೆ. ಎಲ್ಲಾ ದೇಶದ್ದೂ ಒಂದೊಂದು ಅಂತ ಹೊರಟರೆ ಬೇಗ ಸುಸ್ತಾಗುತ್ತೀರಿ. ಒಂದು ಸಾಲು ಹಿಡಿದು ಅದನ್ನೇ ಪೂರ್ತಿ ಮಾಡುವವರ ಸಂಗ್ರಹ ನೋಡಲು ಖುಷಿ, ಮಾರಲೂ ಸುಲಭ.

ಹೊರದೇಶದಲ್ಲಿರುವ ನೆಂಟರ ಕೈಯಲ್ಲಿ ತರಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ನಾಣ್ಯ ಆಭರಣದ ಲೆಕ್ಕಕ್ಕೆ ಬರುವುದಿಲ್ಲ. ಸುಂಕವಿಲ್ಲದೆ ತರಬಹುದಾದ ಸಾಮಾನಿನ ಪಟ್ಟಿಯಲ್ಲಿ ಅದಿಲ್ಲ. ವಿಮಾನ ನಿಲ್ದಾಣದಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ನೆಂಟರನ್ನು ಸುಮ್ನೆ ಕಷ್ಟಕ್ಕೆ ಸಿಕ್ಕಿಸಬೇಡಿ. ಬಿಲ್ಲು ಕೊಡುವ ಭಾರತದ ವ್ಯಾಪಾರಿಗಳ ಹತ್ತಿರವೇ ಕೊಳ್ಳಿ.

ಹೆಜ್ಜೆ 5: ಪ್ರೀಮಿಯಂ ಲೆಕ್ಕ

ಪೇಪರಿನಲ್ಲಿ ಬರುವ ಚಿನಿವಾರ ಪೇಟೆಯ ದರ ಕಿಲೋಗೆ ಇರುತ್ತದೆ. ಅದನ್ನು ಸಾವಿರದಿಂದ ಭಾಗಿಸಿದರೆ ಗ್ರಾಂ ದರ. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 100 ರೂಪಾಯಿ ಎಂದುಕೊಳ್ಳೋಣ, ಇವತ್ತಿನ ದರ ನೀವು ಹಾಕಿಕೊಳ್ಳಿ.

10 ಗ್ರಾಂ ನಾಣ್ಯದ ಲೋಹ 1,000 ರೂಪಾಯಿ. ಅಂಗಡಿಯವರು 1,250 ಹೇಳುತ್ತಾರೆ. ಜಿಎಸ್‌ಟಿ 3% ಸೇರಿ 1,287 ರೂಪಾಯಿ 50 ಪೈಸೆ. ನಾಳೆ ಪೂರ್ತಿ ಲೋಹದ ಬೆಲೆಗೇ ಮಾರಿದರೂ, ಬೆಳ್ಳಿ ದರ ಸುಮಾರು 29% ಏರುವವರೆಗೆ ನಿಮ್ಮ ದುಡ್ಡು ನಿಮಗೆ ಬರುವುದಿಲ್ಲ. ಅದೇ 100 ಗ್ರಾಂ ನಾಣ್ಯಕ್ಕೆ 10,800 ಹೇಳಿದರೆ ಜಿಎಸ್‌ಟಿ ಸೇರಿ 11,124. ಇಲ್ಲಿ ಸುಮಾರು 11% ಏರಿದರೆ ಸಾಕು. ಚಿಕ್ಕ ನಾಣ್ಯಕ್ಕೂ ದೊಡ್ಡ ನಾಣ್ಯಕ್ಕೂ ಅಚ್ಚು, ಪ್ಯಾಕಿಂಗ್, ಸಾಗಣೆಯ ಖರ್ಚು ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ, ಅದಕ್ಕೇ ಈ ವ್ಯತ್ಯಾಸ. 5 ಗ್ರಾಂ, 2 ಗ್ರಾಂ ನಾಣ್ಯಗಳು ಉಡುಗೊರೆಗೆ ಸರಿ, ಕೂಡಿಡಲು ಬೇಡ.

ಈ ಲೆಕ್ಕವನ್ನು ಅಂಗಡಿಯಲ್ಲೇ ಮೊಬೈಲಿನಲ್ಲಿ ಮಾಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಅಣ್ಣಾ, ಇವತ್ತಿನ ಗ್ರಾಂ ರೇಟು ಎಷ್ಟು, ಕೂಲಿ ಎಷ್ಟು, ವಾಪಸ್ ಕೊಟ್ಟರೆ ಎಷ್ಟು ಕಡಿತ ಮಾಡ್ತೀರ?" ಎಂದು ಮೂರನ್ನೂ ಬೇರೆ ಬೇರೆ ಕೇಳಿ. ಮೂರನೆಯದಕ್ಕೆ ನೇರ ಉತ್ತರ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಅಕ್ಷಯ ತೃತೀಯ, ವರಮಹಾಲಕ್ಷ್ಮಿ, ದೀಪಾವಳಿ ಹತ್ತಿರ ಬೇಡಿಕೆ ಏರುತ್ತದೆ, ಕೂಲಿಯಲ್ಲಿ ಚೌಕಾಸಿ ನಡೆಯುವುದಿಲ್ಲ. ಸಂಗ್ರಹಕ್ಕೆ ಕೊಳ್ಳುವವರು ಹಬ್ಬವಿಲ್ಲದ ತಿಂಗಳು ನೋಡಿಕೊಳ್ಳಿ.

ದರದ ಏರಿಳಿತಕ್ಕೂ ಮನಸ್ಸು ಗಟ್ಟಿ ಇರಬೇಕು. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋಗಿ ಕುಸಿಯಿತು. 2011ರ ಏಪ್ರಿಲ್‌ನಲ್ಲಿ ಮತ್ತೆ ಅಲ್ಲಿಗೇ ಹೋಗಿ, 2015ರ ಕೊನೆಗೆ 14 ಡಾಲರ್ ಆಸುಪಾಸಿಗೆ ಇಳಿಯಿತು. 2025ರ ಅಕ್ಟೋಬರ್‌ನಲ್ಲಿ 50 ದಾಟಿತು. 2011ರಲ್ಲಿ ತುದಿಯಲ್ಲಿ ಕೊಂಡವರು ಡಾಲರ್ ಲೆಕ್ಕದಲ್ಲಿ ಹದಿನಾಲ್ಕು ವರ್ಷ ಕಾದರು. ಹಾಗಾಗಿ ಮಗಳ ಮದುವೆಯ ದುಡ್ಡು, ಬೋರ್‌ವೆಲ್ ದುಡ್ಡು, ಆಸ್ಪತ್ರೆಗೆ ಎತ್ತಿಟ್ಟ ದುಡ್ಡು ಇದಕ್ಕೆ ಹಾಕಬೇಡಿ. ಮಿಕ್ಕ ದುಡ್ಡಿನಲ್ಲಿ ಸ್ವಲ್ಪ ಸ್ವಲ್ಪವೇ ಕೊಂಡರೆ ಏರು ದರ, ಇಳಿ ದರ ಎರಡೂ ಸೇರಿ ಸರಾಸರಿ ಬೀಳುತ್ತದೆ.

ಹೆಜ್ಜೆ 6: ಎಲ್ಲಿ ಕೊಳ್ಳುವುದು

ಕೋಲಾರದ ದೊಡ್ಡಪೇಟೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಬೆಳ್ಳಿ ಅಂಗಡಿಗಳಿಗೆ ಬರವಿಲ್ಲ. ರಿಫೈನರಿಯ ಸೀಲಾದ ನಾಣ್ಯ ಬೇಕೆಂದು ಮೊದಲೇ ಹೇಳಿದರೆ ಕೆಲವರು ತರಿಸಿಕೊಡುತ್ತಾರೆ. ಪರಿಚಯದ ಅಂಗಡಿಗೆ ಒಂದು ಬಲ ಇದೆ, ನಾಳೆ ಮಾರುವಾಗ ಅವರೇ ತೆಗೆದುಕೊಳ್ಳುತ್ತಾರೆ. ಆಯ್ಕೆ ಬೇಕಾದರೆ ಬೆಂಗಳೂರಿನ ಅವೆನ್ಯೂ ರಸ್ತೆ, ನಗರ್ತಪೇಟೆ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲು ಹಿಡಿದರೆ ಒಂದೇ ದಿನದಲ್ಲಿ ನಾಲ್ಕೈದು ಕಡೆ ಬೆಲೆ ವಿಚಾರಿಸಿ ಬರಬಹುದು. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಒಮ್ಮೆಯಾದರೂ ಹೋಗಿ. ಕೊಳ್ಳದಿದ್ದರೂ ಪರವಾಗಿಲ್ಲ, ಒಳ್ಳೆ ನಾಣ್ಯ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗುತ್ತದೆ.

ಭಾರತ ಸರ್ಕಾರದ ಟಂಕಸಾಲೆಗಳು ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾದಲ್ಲಿವೆ. ಸ್ಮರಣಾರ್ಥ ನಾಣ್ಯಗಳನ್ನು ಅವುಗಳ ವೆಬ್‌ಸೈಟಿನಲ್ಲೇ ಬುಕ್ ಮಾಡಬಹುದು. ಮಧ್ಯವರ್ತಿ ಬೇಕಿಲ್ಲ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ಈಗಲ್ ನಾಣ್ಯ ನಕಲಿ ಎಂದೇ ತಿಳಿಯಿರಿ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ತಾರೀಕು ಇರುವ ರಾಮ ದರ್ಬಾರ್ ನಾಣ್ಯಕ್ಕೆ ಶಕ್ತಿ ಇದೆ ಎಂದು ಹಳ್ಳಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಚಲಾವಣೆಗೆ ತಂದಿರಲೇ ಇಲ್ಲ. ನಿಮ್ಮ ಮನೆಯ ಹಿರಿಯರಿಗೂ ಈ ವಿಷಯ ಹೇಳಿಡಿ.

ಹೆಜ್ಜೆ 7: ಮನೆಯಲ್ಲೇ ಪರೀಕ್ಷೆ

ಕೆಜಿಎಫ್ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ ಅಲ್ಲಿ ಅದಿರಿನಲ್ಲಿ ಎಷ್ಟು ಚಿನ್ನ ಇದೆ ಎಂದು ಅಳೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು. ಅಲ್ಲಿನ ಚಿನ್ನದ ಜೊತೆ ಸ್ವಲ್ಪ ಬೆಳ್ಳಿಯೂ ಬರುತ್ತಿತ್ತು. ಅಳೆದು ನೋಡಿದ ಮೇಲೆಯೇ ನಂಬುವ ಆ ಅಭ್ಯಾಸ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ನಾಣ್ಯಕ್ಕೂ ಅದೇ ಕ್ರಮ ಸಾಕು.

ಮೊದಲು ತೂಕ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ಜೊತೆಗೆ ಬರುವ ತೂಕದ ಬಟ್ಟಿನಿಂದ ಅದು ಸರಿ ತೋರಿಸುತ್ತದೆಯಾ ಪರೀಕ್ಷಿಸಿ. ಒಂದು ಔನ್ಸಿನ ನಾಣ್ಯ 31.10 ಗ್ರಾಂ ಅಥವಾ ಕೂದಲೆಳೆಯಷ್ಟು ಜಾಸ್ತಿ ತೂಗಬೇಕು. ಅದಕ್ಕಿಂತ ಕಮ್ಮಿ ಬಂದರೆ ಅನುಮಾನಪಡಿ.

ಆಮೇಲೆ ಅಳತೆ. ಪ್ಲಾಸ್ಟಿಕ್ ವರ್ನಿಯರ್ ಕ್ಯಾಲಿಪರ್ ಆದರೆ ಅಂಚು ಕೆಡುವುದಿಲ್ಲ. ಈಗಲ್‌ನ ವ್ಯಾಸ 40.6 ಮಿಲಿಮೀಟರ್, ದಪ್ಪ 2.98. ಮೇಪಲ್ ಲೀಫ್ 38 ಮಿಲಿಮೀಟರ್, ಫಿಲ್‌ಹಾರ್ಮೋನಿಕ್ 37. ಫಿಲ್‌ಹಾರ್ಮೋನಿಕ್‌ನ ಅಂಚು ನುಣುಪು, ಉಳಿದೆರಡರ ಅಂಚಿನಲ್ಲಿ ಗೆರೆಗಳಿವೆ. ತೂಕ ಮತ್ತು ಅಳತೆ ಎರಡನ್ನೂ ಯಾಕೆ ನೋಡಬೇಕು ಅಂದರೆ, ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ತಾಮ್ರದ್ದು 8.96. ತಾಮ್ರದ ಮೇಲೆ ಬೆಳ್ಳಿ ಲೇಪಿಸಿದ ನಕಲಿ ಅದೇ ತೂಕ, ಅದೇ ಅಗಲ ಬರಬೇಕಾದರೆ ಸುಮಾರು 17% ದಪ್ಪಗಿರಲೇಬೇಕು. ಒಂದರಲ್ಲಿ ಮೋಸ ಮಾಡಬಹುದು, ಎರಡರಲ್ಲೂ ಒಟ್ಟಿಗೆ ಮಾಡುವುದು ಕಷ್ಟ.

ಆಯಸ್ಕಾಂತದ ಪರೀಕ್ಷೆಗೆ ನಿಯೋಡಿಮಿಯಂ ಎಂಬ ಬಲವಾದ ಆಯಸ್ಕಾಂತ ಬೇಕು. ಬೆಳ್ಳಿ ಅದಕ್ಕೆ ಅಂಟುವುದಿಲ್ಲ. ನಾಣ್ಯವನ್ನು ಓರೆಯಾಗಿ ಹಿಡಿದು ಮೇಲಿನಿಂದ ಆಯಸ್ಕಾಂತ ಜಾರಿಸಿದರೆ ಅದು ಯಾರೋ ತಡೆದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ತಾಮ್ರದ ಮೇಲೂ ನಿಧಾನವಾಗಿಯೇ ಇಳಿಯುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಕ್ಯಾಪ್ಸೂಲಿನಲ್ಲಿರುವ (ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ) ನಾಣ್ಯಕ್ಕೆ ಹೊರಗಿನಿಂದಲೇ ಇಟ್ಟು ಅಂಟುತ್ತದೆಯಾ ನೋಡಿ.

ನೀರಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ಕುದಿಸಿ ಆರಿಸಿದ ನೀರಾದರೆ ಗುಳ್ಳೆ ಬರುವುದು ಕಮ್ಮಿ. ಸಣ್ಣ ದಾರದಲ್ಲಿ ನಾಣ್ಯ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ. 10.49 ಹತ್ತಿರ ಬರಬೇಕು. ಔನ್ಸ್ ನಾಣ್ಯಕ್ಕೆ ತಕ್ಕಡಿ 2.96 ಅಥವಾ 2.97 ತೋರಿಸಿದರೆ ಸರಿ, 50 ಗ್ರಾಂನದಕ್ಕೆ 4.77. ಜರ್ಮನ್ ಸಿಲ್ವರ್ ಆದರೆ ಉತ್ತರ 8.7 ಆಸುಪಾಸು ಬಂದು ಸಿಕ್ಕಿಬೀಳುತ್ತದೆ. ಸೀಸ ಆದರೆ 11.3. ಮುಗಿದ ಮೇಲೆ ಹತ್ತಿ ಬಟ್ಟೆಯ ಮೇಲೆ ಇಟ್ಟು ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಪ್ರೂಫ್ ನಾಣ್ಯಕ್ಕೂ ಸೀಲಾದ ನಾಣ್ಯಕ್ಕೂ ಈ ಪರೀಕ್ಷೆ ಬೇಡ.

ಇದಕ್ಕೂ ಮಿತಿ ಇದೆ. 925 ಬೆಳ್ಳಿಯ ಸಾಂದ್ರತೆ 10.36 ಹತ್ತಿರ. 10 ಗ್ರಾಂ ನಾಣ್ಯದಲ್ಲಿ ಆ ವ್ಯತ್ಯಾಸ ನಿಮ್ಮ ತಕ್ಕಡಿಗೆ ಕಾಣುವುದೇ ಇಲ್ಲ. ಬೆಳ್ಳಿಯೋ ಅಲ್ಲವೋ ಎಂದು ನೀರು ಹೇಳುತ್ತದೆ, 999 ಹೌದೋ ಎಂದು ಹೇಳುವುದಿಲ್ಲ. ಅದಕ್ಕೆ ಎಕ್ಸ್‌ಆರ್‌ಎಫ್ ಯಂತ್ರ ಬೇಕು, ಎಕ್ಸ್-ರೇ ಬಿಟ್ಟು ಲೋಹದ ಪ್ರಮಾಣ ಹೇಳುವಂಥದ್ದು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಇರುತ್ತದೆ. ಆ ಯಂತ್ರ ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ, ದಪ್ಪ ಲೇಪನ ಇದ್ದರೆ ಒಳಗಿನದು ತಿಳಿಯುವುದಿಲ್ಲ. ನೀರು ಒಳಗಿನದನ್ನು ನೋಡುತ್ತದೆ, ಯಂತ್ರ ಹೊರಗಿನ ಶುದ್ಧತೆಯನ್ನು ನೋಡುತ್ತದೆ. ಎರಡೂ ಸರಿ ಬಂದರೆ ನಿಶ್ಚಿಂತೆ. ಒರೆಗಲ್ಲಿಗೆ ಉಜ್ಜುವುದು, ಆಸಿಡ್ ಹಾಕುವುದು ಸಂಗ್ರಹದ ನಾಣ್ಯಕ್ಕೆ ಬೇಡವೇ ಬೇಡ.

ಅಚ್ಚಿನ ಗುಟ್ಟುಗಳೂ ಸಹಾಯಕ್ಕೆ ಬರುತ್ತವೆ. ಮೇಪಲ್ ಲೀಫ್‌ನಲ್ಲಿ 2014ರಿಂದ ಸೂರ್ಯಕಿರಣದಂಥ ಸೂಕ್ಷ್ಮ ಗೆರೆಗಳಿವೆ. ಬ್ರಿಟಾನಿಯಾದಲ್ಲಿ 2021ರಿಂದ ಓಲಿಸಿದರೆ ಒಮ್ಮೆ ಬೀಗ, ಒಮ್ಮೆ ತ್ರಿಶೂಲ ಕಾಣುವ ಗುರುತಿದೆ. ಭೂತಗನ್ನಡಿಯಲ್ಲಿ ಇವು ಮಸುಕಾಗಿದ್ದರೆ ದೂರವಿರಿ.

ಹೆಜ್ಜೆ 8: ಮುಟ್ಟುವುದು, ಇಡುವುದು

ನಾಣ್ಯ ಹಿಡಿಯುವುದು ಅಂಚಿನಲ್ಲಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಂಡು. ಕೈ ತೊಳೆದು ಒರೆಸಿರಿ. ನಾಣ್ಯದ ಮೇಲೆ ಬಾಗಿ ಮಾತನಾಡಬೇಡಿ, ಎಂಜಲಿನ ಹನಿ ಚುಕ್ಕೆಯಾಗಿ ಉಳಿಯುತ್ತದೆ.

ಬೆಳ್ಳಿ ಕಪ್ಪಾಗುವುದು ತುಕ್ಕಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ. ಆದ್ದರಿಂದ ಗಂಧಕ ಇರುವುದನ್ನೆಲ್ಲ ದೂರ ಇಡಬೇಕು: ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ನ್ಯೂಸ್ ಪೇಪರ್, ದೀಪಾವಳಿ ಪಟಾಕಿಯ ಹೊಗೆ. ನಮ್ಮ ಬಯಲುಸೀಮೆಯ ಒಣ ಹವೆ ಈ ವಿಷಯದಲ್ಲಿ ನಮಗೆ ಅನುಕೂಲ. ಮಂಗಳೂರಿನವರಷ್ಟು ನಾವು ಒದ್ದಾಡಬೇಕಿಲ್ಲ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮುಗಿದ ಮೇಲೆ ಬದಲಿಸಿ.

ಇಡಲು ನಾಣ್ಯದ ವ್ಯಾಸಕ್ಕೆ ಸರಿಹೊಂದುವ ಅಕ್ರಿಲಿಕ್ ಕ್ಯಾಪ್ಸೂಲ್ ಒಳ್ಳೆಯದು. ಅದನ್ನು ಜಿಪ್ ಕವರಿನಲ್ಲಿ ಹಾಕಿ ಗಾಳಿ ಹೊರಗೆ ತೆಗೆದು ಮುಚ್ಚಿ. ಮೆತ್ತಗೆ, ವಾಸನೆ ಬರುವ ಪಿವಿಸಿ ಪಾಕೆಟ್ ಇರುವ ಆಲ್ಬಂ ಕೊಳ್ಳಲೇಬೇಡಿ. ವರ್ಷಗಳಾದ ಮೇಲೆ ಪಿವಿಸಿ ಒಡೆದು ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಹಾಗಾಗಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬಹುದು, ಗಾಳಿಯಾಡುವ ಜಾಗದಲ್ಲಿ, ಒಲೆಯಿಂದ ದೂರ. ಬಣ್ಣ, ವಾಸನೆ ಸೇರಿಸಿದ ನೇಲ್ ಪಾಲಿಶ್ ರಿಮೂವರ್ ಬೇಡ.

ಈಗ ಮನೆಯಲ್ಲಿ ಜಗಳ ತರುವ ವಿಷಯ, ಪೂಜೆ. ಲಕ್ಷ್ಮಿ ಪೂಜೆಗೆ ಬೆಳ್ಳಿ ನಾಣ್ಯ ಇಡಬೇಕು, ಹಾಲು ತುಪ್ಪದ ಅಭಿಷೇಕ ಆಗಬೇಕು, ಅರಿಶಿನ ಕುಂಕುಮ ಹಚ್ಚಬೇಕು. ಇದೆಲ್ಲ ಆಗಲೇಬೇಕು, ಅಲ್ವಾ? ಆದರೆ ಕುಂಕುಮದ ಕಣ ಒರೆಸುವಾಗ ಮೈ ಗೀರುತ್ತದೆ, ಹಾಲಿನ ಜಿಡ್ಡು ಅಕ್ಷರಗಳ ಸಂದಿಯಲ್ಲಿ ಕೂರುತ್ತದೆ. ಆಮೇಲೆ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ತಿಕ್ಕುತ್ತಾರೆ. ಅಲ್ಲಿಗೆ ಆ ನಾಣ್ಯದ ಎರಡನೆಯ ಬೆಲೆ ಹೋಯಿತು, ಲೋಹದ ಬೆಲೆ ಮಾತ್ರ ಉಳಿಯಿತು. ಪೂಜೆಗೆಂದೇ ಎರಡು ಒಳ್ಳೆ ನಾಣ್ಯ ತಂದು ಅಮ್ಮನ ಕೈಗೆ, ಅತ್ತೆಯ ಕೈಗೆ ಕೊಟ್ಟುಬಿಡಿ. ಸಂಗ್ರಹದ್ದು ದೇವರ ಮುಂದೆ ಇಡಬೇಕು ಅನ್ನಿಸಿದರೆ ಕ್ಯಾಪ್ಸೂಲ್ ಸಮೇತ ಇಡಿ.

ಸಹಜವಾಗಿ ಬಂದ ಬಣ್ಣದ ಪದರವನ್ನು ತೆಗೆಯಬೇಡಿ. ಕೆಲವರು ಅದನ್ನೇ ಹುಡುಕಿಕೊಂಡು ಬಂದು ಜಾಸ್ತಿ ಕೊಡುತ್ತಾರೆ.

ಹೆಜ್ಜೆ 9: ದಾಖಲೆ, ಲಾಕರ್, ತೆರಿಗೆ

ಒಂದು ನೋಟ್‌ಬುಕ್ ಮಾಡಿ. ಕೊಂಡ ದಿನ, ನಾಣ್ಯ, ವರ್ಷ, ತೂಕ, ಶುದ್ಧತೆ, ಆ ದಿನದ ಗ್ರಾಂ ದರ, ಕೊಟ್ಟ ಬೆಲೆ, ಬಿಲ್ ನಂಬರ್ ಬರೆಯಿರಿ. ಎರಡೂ ಮುಖದ ಫೋಟೋ ತೆಗೆದಿಡಿ. ಮನೆಯಲ್ಲಿ ಒಬ್ಬರಿಗಾದರೂ ಈ ನೋಟ್‌ಬುಕ್ ಎಲ್ಲಿದೆ ಎಂದು ಗೊತ್ತಿರಲಿ. ಕಚ್ಚಾ ಚೀಟಿ ಬೇಡ, ಜಿಎಸ್‌ಟಿ ಬಿಲ್ಲೇ ಬೇಕು. 2 ಲಕ್ಷಕ್ಕಿಂತ ಜಾಸ್ತಿ ಖರೀದಿಗೆ ಪ್ಯಾನ್ ಕೊಡಬೇಕು, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ನಗದಿನಲ್ಲಿ ತೆಗೆದುಕೊಳ್ಳಲು ಅಂಗಡಿಯವರಿಗೆ ಅವಕಾಶವಿಲ್ಲ.

ಬ್ಯಾಂಕ್ ಲಾಕರ್ ಒಳ್ಳೆಯದು. ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕ್ ಕೊಡಬೇಕಾದ್ದು ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಎಂದು ರಿಸರ್ವ್ ಬ್ಯಾಂಕಿನ ನಿಯಮ 2022ರಿಂದ ಜಾರಿಯಲ್ಲಿದೆ. ಬಾಡಿಗೆ 2,000 ಆದರೆ ಮಿತಿ 2 ಲಕ್ಷ. ನಿಮ್ಮ ಸಂಗ್ರಹ ಅದಕ್ಕಿಂತ ದೊಡ್ಡದಾದರೆ ವಿಮೆ ವಿಚಾರಿಸಿ. ನಾಮಿನಿ ಹೆಸರು ತಪ್ಪದೆ ಬರೆಸಿ.

ತೆರಿಗೆಯ ವಿಷಯ ಇಷ್ಟೇ: 2024ರ ಜುಲೈ 23ರ ಬದಲಾವಣೆಯ ನಂತರ 24 ತಿಂಗಳಿಗಿಂತ ಜಾಸ್ತಿ ಇಟ್ಟು ಮಾರಿದರೆ ಲಾಭದ ಮೇಲೆ 12.5% ತೆರಿಗೆ, ಅದಕ್ಕಿಂತ ಮೊದಲೇ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ. ಬಿಲ್ ಇಲ್ಲದಿದ್ದರೆ ಎಷ್ಟಕ್ಕೆ ಕೊಂಡಿರಿ ಎಂದು ತೋರಿಸುವುದು ಕಷ್ಟ.

ಹೆಜ್ಜೆ 10: ಮಾರುವುದು, ಅಡ ಇಡುವುದು, ಹಳೇ ರೂಪಾಯಿ

ಲೋಹಕ್ಕಾಗಿ ಕೊಂಡಿದ್ದನ್ನು ಬೆಳ್ಳಿ ಅಂಗಡಿಗೆ, ಅಂದಕ್ಕಾಗಿ ಕೊಂಡಿದ್ದನ್ನು ಸಂಗ್ರಾಹಕರಿಗೆ ಮಾರಿ. ಅದಲು ಬದಲು ಮಾಡಿದರೆ ನಷ್ಟ. ಸೀಲಾದ ನಾಣ್ಯವನ್ನು ಕರಗಿಸಿ ನೋಡುತ್ತೇವೆ ಅನ್ನುವ ಅಂಗಡಿಯಿಂದ ಎದ್ದು ಬನ್ನಿ, ಎಕ್ಸ್‌ಆರ್‌ಎಫ್ ಇರುವ ಅಂಗಡಿ ಹುಡುಕಿ.

ಕಷ್ಟಕಾಲಕ್ಕೆ ಮಾರದೆ ಸಾಲ ತೆಗೆಯುವ ದಾರಿಯೂ ಇದೆ. ಬೆಳ್ಳಿಯ ಮೇಲಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ಮಾಡಿ, 2026ರ ಏಪ್ರಿಲ್ 1ರಿಂದ ಜಾರಿ ಎಂದಿದೆ. ನಾಣ್ಯಕ್ಕೆ ಒಬ್ಬರಿಗೆ 500 ಗ್ರಾಂ ಮಿತಿ, ಗಟ್ಟಿ ಬೆಳ್ಳಿಯ ಬಾರ್ ಅಡ ಇಡಲು ಅವಕಾಶವಿಲ್ಲ. ಬಾರ್ ಕೊಳ್ಳಲೋ ನಾಣ್ಯ ಕೊಳ್ಳಲೋ ಎಂದು ಯೋಚಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಬ್ಯಾಂಕ್ ಯಾವ ನಾಣ್ಯ ಒಪ್ಪುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ.

ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ರೂಪಾಯಿಗಳು ಸಿಕ್ಕರೆ ತಕ್ಷಣ ಬೆಳ್ಳಿ ಅಂಗಡಿಗೆ ಹೋಗಬೇಡಿ. ಅವು 11.66 ಗ್ರಾಂ, ಅಂದರೆ ಒಂದು ತೊಲ. ಬೆಳ್ಳಿ 91.67%, ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 1940ರಿಂದ ಬೆಳ್ಳಿಯನ್ನು 50%ಕ್ಕೆ ಇಳಿಸಿದರು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕಲ್. ಇವು ಬುಲಿಯನ್ ಅಲ್ಲ, ಆದರೆ ವರ್ಷ, ಟಂಕಸಾಲೆ, ಸ್ಥಿತಿ ನೋಡಿ ಕೆಲವಕ್ಕೆ ಲೋಹದ ಎಷ್ಟೋ ಪಟ್ಟು ಬೆಲೆ. 1911ರ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ ಮುಂದಿನ ವರ್ಷ ಅಚ್ಚು ತಿದ್ದಿದರು. ಅಂಥದ್ದು ಸಿಕ್ಕರೆ ತೊಳೆಯದೆ ಇದ್ದ ಹಾಗೇ ತೋರಿಸಿ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ನಿಧಿ ಸಿಕ್ಕರೆ ದಾರಿ ಬೇರೆ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. 100 ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮನೆಯಲ್ಲಿ ಬಂದ ಹಳೇ ರೂಪಾಯಿಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬೇರೆ ಪುಟಕ್ಕೆ ಹಾಕಿ, ಯಾರಿಂದ ಬಂತು ಎಂದೂ ಬರೆದಿಡಿ.